ಮೊದಲು ಮೀನಿನ ಮಾತು, ಆಮೇಲೆ ಕಾಗದ

ನಾನು ಕೋಸ್ಟ್ ಗಾರ್ಡ್ ಸೇರಿದಾಗ ಊರಿನವರೆಲ್ಲ ‘ನೇವಿಯಾ?’ ಎಂದೇ ಕೇಳುತ್ತಿದ್ದರು. ತಪ್ಪೇನಿಲ್ಲ. ಕಡಲಲ್ಲಿ ಕಳ್ಳಸಾಗಣೆ ಹೆಚ್ಚಿದಾಗ ರುಸ್ತುಂಜಿ ಸಮಿತಿ ಹೇಳಿತೆಂದು ಹುಟ್ಟಿದ ಪಡೆ ಇದು. 1978ರಲ್ಲಿ ಕಾಯ್ದೆ ಬಂದಾಗ ಕೈಯಲ್ಲಿದ್ದದ್ದು ನೌಕಾಪಡೆ ಕೊಟ್ಟ ಎರಡು ಹಳೆ ಫ್ರಿಗೇಟು ಯುದ್ಧನೌಕೆ, ಐದು ಗಸ್ತು ದೋಣಿ. ಮೊದಲ ಮಹಾನಿರ್ದೇಶಕ ವಿ.ಎ. ಕಾಮತ್ ಕೂಡ ನೌಕಾಪಡೆಯವರೇ.

ನನ್ನ ಕೆಲಸ ಬದಲಾದದ್ದು 2008ರ ಮುಂಬೈ ದಾಳಿಯ ನಂತರ. ಉಗ್ರರು ಬಂದದ್ದು ಗುಜರಾತಿನ ಮೀನುಗಾರಿಕಾ ದೋಣಿ ‘ಕುಬೇರ್’ ಅನ್ನು ವಶಮಾಡಿಕೊಂಡು. ಹಾಗಾಗಿ ಕಂಡ ಬೋಟನ್ನೆಲ್ಲ ಹತ್ತಿ ತಪಾಸಣೆ ಮಾಡಬೇಕಾಯಿತು. ಆಗ ನಾನು ಪಣಂಬೂರಿನಲ್ಲಿದ್ದೆ.

ಬೋಟು ಹತ್ತುವುದೇ ಒಂದು ವಿದ್ಯೆ. ನಮ್ಮ ರಬ್ಬರ್ ಬೋಟು ತೆರೆಯ ನೆತ್ತಿಗೆ ಬಂದ ಕ್ಷಣದಲ್ಲೇ ಟ್ರಾಲರಿನ ಅಂಚು ಹಿಡಿದು ಕಾಲೆತ್ತಬೇಕು. ತಗ್ಗಿನಲ್ಲಿದ್ದಾಗ ಹಿಡಿದಿರೋ, ಮುಂದಿನ ತೆರೆಗೆ ರಬ್ಬರ್ ಬೋಟು ಮೇಲೆದ್ದು ಬಂದು ಮೊಣಕಾಲನ್ನು ಮರದ ಪಕ್ಕೆಗೆ ಜಜ್ಜುತ್ತದೆ. ಒಮ್ಮೆ ಹಾಗೆ ಆಗಿ ಹದಿನೈದು ದಿನ ಕುಂಟಿದೆ.

ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದು ಬಾಯಿಯಿಂದ. ಹತ್ತಿದವನೇ ‘ಕಾಗದ ತೋರಿಸಿ’ ಎಂದು ಗದರುತ್ತಿದ್ದೆ. ನಾನೂ ಮೀನು ಹಿಡಿಯುವ ಮೊಗವೀರರ ಮನೆಯ ಹುಡುಗನೇ, ಆದರೆ ಸಮವಸ್ತ್ರ ಹಾಕಿದವನಿಗೆ ಅದು ಮರೆತಿತ್ತು. ಬೋಟು ನಡೆಸುವ ತಾಂಡೇಲ ಕಾಗದ ತೋರಿಸುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಹೊಸ ದೋಣಿ ಯಾವುದು ಬಂತು, ಯಾರು ರಾತ್ರಿ ದೀಪ ಆರಿಸಿ ಹೋದರು ಎಂಬುದೆಲ್ಲ ಅವನಿಗೇ ಗೊತ್ತು, ನಮ್ಮ ರೇಡಾರಿಗಲ್ಲ. ಕೊನೆಗೆ ‘ಬಂಗುಡೆ ಉಂಡಾ ಅಣ್ಣ?’ (ಬಂಗುಡೆ ಇದೆಯಾ ಅಣ್ಣ?) ಎಂದು ತುಳುವಿನಲ್ಲೇ ಶುರುಮಾಡಿದೆ. ಡೀಸೆಲ್ ರೇಟು, ಐಸಿನ ರೇಟು, ಬಲೆ ಹರಿದ ಕತೆ. ಕಾಗದ ತಾನಾಗಿ ಹೊರಬರುತ್ತಿತ್ತು. ಅಪಾಯ ಬಂದಾಗ ರೇಡಿಯೊದ ಚಾನೆಲ್ 16ರಲ್ಲಿ ಕರೆಯಲು ಹೇಳಿಕೊಟ್ಟದ್ದೂ ಹೀಗೆ ಮಾತಾಡುತ್ತಲೇ.

ಒಂದು ಸಂಜೆ ಅದೇ ಚಾನೆಲಿನಲ್ಲಿ ಒಬ್ಬ ತಾಂಡೇಲ ಕೂಗಿದ. ಬೋಟಿನ ಕೆಲಸಗಾರ ಕಲಾಸಿಯೊಬ್ಬನ ಕೈ ಬಲೆ ಎಳೆಯುವ ವಿಂಚಿಗೆ ಸಿಕ್ಕಿತ್ತು. ಎಲ್ಲಿದ್ದೀರಿ ಎಂದರೆ, ಗಾಬರಿಯಲ್ಲಿ ಜಿಪಿಎಸ್ ನೋಡದೆ, ‘ಕಾಪು ಲೈಟ್‌ಹೌಸಿಗೆ ಸಮ ಪಡುವಕ್ಕೆ, ಇಪ್ಪತ್ತು ಮಾರು ನೀರು’ ಎಂದ. ಉತ್ತರ ಭಾರತದ ನಮ್ಮ ಸಾಹೇಬರು ನನ್ನ ಮುಖ ನೋಡಿದರು. ಮಾರಿಗೆ ಆರು ಅಡಿಯಂತೆ ಲೆಕ್ಕ ಹಾಕಿ, ಚಾರ್ಟಿನ ಮೇಲೆ ಕಾಪುವಿನಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದು, ಆ ಆಳದ ಗೆರೆ ಕೂಡುವಲ್ಲಿ ಬೆರಳಿಟ್ಟೆ. ಹಡಗು ತಿರುಗಿತು.