ಹಾಳೆ ಹೇಳುವ ಬೆಲೆ: ಅಮೂರ್ತ ಕಲ್ಲಚ್ಚು ಚಿತ್ರವನ್ನು ಪರೀಕ್ಷಿಸುವ ಬಗೆ

ಲಿಥೋಗ್ರಾಫ್ ಎಂದರೆ ಕಲ್ಲಚ್ಚು. ಜಿಡ್ಡಿನ ಬಳಪದಿಂದ ಸುಣ್ಣಕಲ್ಲಿನ ಮೇಲೆ ಚಿತ್ರ ಬರೆದು, ಕಲ್ಲನ್ನು ತೇವಗೊಳಿಸಿ, ಎಣ್ಣೆಶಾಯಿ ಜಿಡ್ಡಿರುವ ಕಡೆ ಮಾತ್ರ ಹಿಡಿಯುವಂತೆ ಮಾಡಿ ಅಚ್ಚು ತೆಗೆಯುವ ಈ ವಿಧಾನದಲ್ಲೇ 1843ರಲ್ಲಿ ‘ಮಂಗಳೂರು ಸಮಾಚಾರ’ವೂ ಅಚ್ಚಾಯಿತು. ಇಂಥ ಅಚ್ಚಿನ ಅಮೂರ್ತ ಚಿತ್ರಕ್ಕೆ ಬೆಲೆ ಕಟ್ಟುವಾಗ ಒಂದು ವಿಶೇಷ ತೊಡಕಿದೆ. ಮುಖವೋ ಮರವೋ ಇದ್ದರೆ ನಕಲುಗಾರನ ಕೈ ತಪ್ಪಿದ್ದು ಕಣ್ಣಿಗೆ ಬೀಳಬಹುದು. ಬರೀ ಗೆರೆ, ಚುಕ್ಕೆ, ಬಣ್ಣದ ತುಂಡುಗಳಿರುವಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಚಿತ್ರವೇ ಹೇಳುವುದಿಲ್ಲ. ಆದ್ದರಿಂದ ಚಿತ್ರಕ್ಕಿಂತ ಮೊದಲು ಹಾಳೆಯನ್ನು ವಿಚಾರಿಸಬೇಕು.

ಮೊದಲ ಕೆಲಸವೆಂದರೆ ಚಿತ್ರವನ್ನು ಫ್ರೇಮಿನಿಂದ ಹೊರತೆಗೆಯುವುದು. ಗಾಜಿನ ಹಿಂದಿರುವ ಹಾಳೆಗೆ ಬೆಲೆ ಹೇಳುವುದು ಊಹೆಯೇ ಸರಿ. ತೊಳೆದು ಒಣಗಿಸಿದ ಕೈಗಳಿಂದ, ಸ್ವಚ್ಛವಾದ ಮೇಜಿನ ಮೇಲೆ ಹಾಳೆಯನ್ನು ಇಟ್ಟು, ಹಾಳೆಯ ಉದ್ದಗಲವನ್ನೂ ಚಿತ್ರದ ಉದ್ದಗಲವನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ. ಹಾಳೆ ಹಿಂದಿನ ರಟ್ಟಿಗೆ ಅಂಟಿಕೊಂಡಿದ್ದರೆ ಎಳೆಯದೆ ಅಲ್ಲಿಗೇ ನಿಲ್ಲಿಸಿ; ಅದನ್ನು ಬಿಡಿಸುವುದು ಕಾಗದ ಸಂರಕ್ಷಕರ ಕೆಲಸ.

ಅನಂತರ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಬೇಕು. ಬಣ್ಣ ತೆಳುವಾಗುತ್ತ ಹೋಗುವ ಅಂಚುಗಳನ್ನು ನೋಡಿ. ಕಲ್ಲಿನ ಮೇಲೆ ಬಳಪ ಓಡಿದ್ದರೆ ಮರಳಿನಂಥ ಅಸಮ ಕಣಗಳು ಕಾಣುತ್ತವೆ. ಸಮಾನ ಅಂತರದಲ್ಲಿ ಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಅದು ಛಾಯಾಚಿತ್ರದಿಂದ ತೆಗೆದ ಆಫ್‌ಸೆಟ್ ಮುದ್ರಣ, ಅಂದರೆ ಪೋಸ್ಟರ್‌ನ ಜಾತಿಗೆ ಸೇರಿದ್ದು. ಗಾಢವಾದ ಒಂದೇ ಬಣ್ಣದ ಹರವಿನಲ್ಲಿ ಈ ವ್ಯತ್ಯಾಸ ಕಾಣದು. ಅಲ್ಲಿ ನೋಡಿ ತೀರ್ಮಾನಿಸಿದವರೇ ಹೆಚ್ಚಾಗಿ ಮೋಸಹೋಗುತ್ತಾರೆ.

ಕೆಳಗಿನ ಖಾಲಿ ಅಂಚಿನಲ್ಲಿ ಪೆನ್ಸಿಲ್ ಬರಹವಿದ್ದರೆ ಅದನ್ನು ಓದಿ. ‘37/75’ ಎಂದರೆ 75 ಪ್ರತಿಗಳಲ್ಲಿ 37ನೆಯದು, ‘ಇ.ಎ.’ (E.A.) ಎಂಬ ಫ್ರೆಂಚ್ ಸಂಕ್ಷೇಪವಿದ್ದರೆ ಕಲಾವಿದರ ಸ್ವಂತ ಪ್ರತಿ. ಚಿಕ್ಕ ಸಂಖ್ಯೆಯ ಪ್ರತಿ ಹೆಚ್ಚು ಬೆಲೆಬಾಳುತ್ತದೆ ಎಂಬ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ, ಏಕೆಂದರೆ ಸಂಖ್ಯೆ ಹಾಕುವುದು ಅಚ್ಚಾದ ಕ್ರಮದಲ್ಲೇ ಎಂದೇನೂ ಇಲ್ಲ. ಸಹಿಯೊಂದನ್ನೇ ನಂಬುವುದೂ ಸಲ್ಲದು: ಸ್ಪೇನಿನ ಮಿರೊ, ಅಮೆರಿಕದ ಕಾಲ್ಡರ್ ಮೊದಲಾದ ಹೆಸರಾಂತ ಕಲಾವಿದರ ಹೆಸರಿನಲ್ಲಿ ನಕಲಿ ಮುದ್ರಣಗಳನ್ನು ಮಾರಿದ ಜಾಲದ ಮೇಲೆ 2008ರಲ್ಲಿ ಚಿಕಾಗೊದಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿತ್ತು.

ಒಂದು ನಿಜವಾದ ಉದಾಹರಣೆಯಿಂದ ಇದು ಇನ್ನಷ್ಟು ಸ್ಪಷ್ಟವಾದೀತು. ಪ್ಯಾರಿಸ್‌ನ ಮಾಗ್ ಗ್ಯಾಲರಿಯು 1946ರಿಂದ 1982ರವರೆಗೆ ‘ದೆರಿಯೇರ್ ಲ ಮಿರ್ವಾರ್’ ಎಂಬ ಕಲಾಪತ್ರಿಕೆಯನ್ನು ಹೊರತಂದಿತು. ಮಿರೊ, ಕಾಲ್ಡರ್ ಅವರ ಲಿಥೋಗ್ರಾಫ್‌ಗಳು ಅದರ ಪುಟಗಳಾಗಿಯೇ ಅಚ್ಚಾಗುತ್ತಿದ್ದವು. ಈ ಪುಟಗಳನ್ನು ಬಿಡಿಸಿ ಫ್ರೇಮ್ ಹಾಕಿಸಿ ಮಾರುವುದು ಇಂದಿಗೂ ನಡೆದಿದೆ. ಪುಟದ ಅಳತೆ ಸುಮಾರು 38 × 28 ಸೆಂಟಿಮೀಟರ್. ಜೋಡಿಪುಟವಾದರೆ ನಡುವೆ ಮಡಿಕೆ ಇರುತ್ತದೆ, ಕೆಲವಕ್ಕೆ ಹಿಂಬದಿಯಲ್ಲಿ ಅಚ್ಚಾದ ಬರಹವೂ ಇರುತ್ತದೆ. ಇವು ನಕಲಲ್ಲ. ಆದರೆ ಸಾಮಾನ್ಯ ಪ್ರತಿಗಳಲ್ಲಿ ಸಹಿಯೂ ಸಂಖ್ಯೆಯೂ ಇಲ್ಲದ ಕಾರಣ, ಸಹಿ ಮಾಡಿದ ಸೀಮಿತ ಪ್ರತಿಯ ಬೆಲೆಯ ಹತ್ತಿರಕ್ಕೂ ಅವು ಬರುವುದಿಲ್ಲ. ಅಂಥ ಪುಟದ ಮೇಲೆ ಪೆನ್ಸಿಲ್ ಸಹಿ ಕಂಡರೆ ಸಂತೋಷಪಡುವ ಮೊದಲು ಅನುಮಾನಪಡಿ. ಮಿರೊ ಅವರ ಲಿಥೋಗ್ರಾಫ್‌ಗಳ ಆರು ಸಂಪುಟಗಳ ಸೂಚಿಯಲ್ಲಿ ಆ ಚಿತ್ರದ ಅಳತೆ, ಪ್ರತಿಗಳ ಸಂಖ್ಯೆಗಳನ್ನು ಹುಡುಕಿ ನಿಮ್ಮ ಟಿಪ್ಪಣಿಯೊಂದಿಗೆ ಹೋಲಿಸಿ. ಹಾಳೆ ಸೂಚಿಯಲ್ಲಿರುವುದಕ್ಕಿಂತ ಚಿಕ್ಕದಾಗಿದ್ದರೆ ಫ್ರೇಮಿಗೆ ಹೊಂದಿಸಲು ಯಾರೋ ಅಂಚು ಕತ್ತರಿಸಿರುವ ಸಾಧ್ಯತೆ ಇದೆ.

ಇನ್ನು ಹಾಳೆಯ ಆರೋಗ್ಯ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಾಳೆಯ ಪಕ್ಕಕ್ಕೆ ಮಲಗಿಸಿ ಬೆಳಕು ಹಾಯಿಸಿದರೆ ಸುಕ್ಕು, ಮಡಿಕೆ, ಅಲೆಗಳೆಲ್ಲ ನೆರಳಾಗಿ ಏಳುತ್ತವೆ. ತೇವದಿಂದ ಬರುವ ಕಂದು ಚುಕ್ಕೆಗಳು ನಮ್ಮ ಕರಾವಳಿಯ ಮನೆಗಳಲ್ಲಿ ಹಳೆಯ ಪುಸ್ತಕ ಇಟ್ಟವರಿಗೆಲ್ಲ ಪರಿಚಿತವೇ. ಆಮ್ಲವಿರುವ ಅಗ್ಗದ ರಟ್ಟು ತಾಗಿದ ಕಡೆ ಚಿತ್ರದ ಸುತ್ತ ಹಳದಿ ಚೌಕ ಮೂಡಿರುತ್ತದೆ. ಬಿಸಿಲಿಗೆ ಬಣ್ಣ ಮಾಸಿದೆಯೇ ಎಂದು ತಿಳಿಯಲು ಫ್ರೇಮಿನ ಅಂಚಿನಡಿ ಮುಚ್ಚಿದ್ದ ಭಾಗವನ್ನು ತೆರೆದ ಭಾಗದೊಂದಿಗೆ ಹೋಲಿಸಿ ನೋಡಿ. ಹಿಂಬದಿಯ ಸೆಲ್ಲೋಟೇಪಿನ ಕಲೆಯನ್ನೂ ಬಿಡಬೇಡಿ, ಏಕೆಂದರೆ ಅದರ ಅಂಟು ಕಾಗದದೊಳಗೆ ಇಳಿದು ಮುಂಬದಿಗೂ ಬರುತ್ತದೆ. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಅತ್ಯಂತ ದುಬಾರಿ ದೋಷವೆಂದರೆ ಮಾಸಿದ ಬಣ್ಣ. ಕಲೆಯನ್ನು ಸಂರಕ್ಷಕರು ತಕ್ಕಮಟ್ಟಿಗೆ ತೆಗೆದಾರು, ಹೋದ ಬಣ್ಣವನ್ನು ಯಾರೂ ತಂದುಕೊಡಲಾರರು.

ಕೊನೆಗೆ ಬೆಲೆ. ಅಂಗಡಿಯವರು ಕೇಳುವ ಬೆಲೆಯನ್ನಲ್ಲ, ಹರಾಜಿನಲ್ಲಿ ಅದೇ ಚಿತ್ರದ ಅದೇ ಬಗೆಯ ಪ್ರತಿ ಮಾರಾಟವಾದ ಬೆಲೆಯನ್ನು ಹೋಲಿಕೆಗೆ ತೆಗೆದುಕೊಳ್ಳಿ. ಆ ಮೊತ್ತದಲ್ಲಿ ಕೊಂಡವರು ಹರಾಜು ಸಂಸ್ಥೆಗೆ ತೆತ್ತ ಶುಲ್ಕ ಸೇರಿದೆಯೇ ಎಂಬುದನ್ನೂ ಗಮನಿಸಿ. ವಿಮೆಗೆ ಬರೆಸುವ ಮೌಲ್ಯ ಬೇರೆ, ಮಾರಿದರೆ ಕೈಗೆ ಬರುವ ಹಣ ಬೇರೆ. ಮೊದಲನೆಯದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಕೊಳ್ಳಲು ಹೊರಟವರು ನೀವಾಗಿದ್ದು, ಮಾರುವವರು ಫ್ರೇಮ್ ಬಿಚ್ಚಲು ಒಪ್ಪದಿದ್ದರೆ, ಕಾಣದ ಭಾಗದಲ್ಲಿ ದೋಷವಿದೆಯೆಂದೇ ಎಣಿಸಿ ಬೆಲೆ ಹೇಳಿ.