‘ಸಾಲ ತೆಗೆಯಬಹುದು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವ ಕ್ರಮ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತು ಸಹಕಾರಿ ಸಂಘಗಳಲ್ಲೋ ಬ್ಯಾಂಕುಗಳಲ್ಲೋ ಕೆಲಸಕ್ಕೆ ಸೇರುವ ಯುವಜನರು ಲೆಕ್ಕಪತ್ರದಲ್ಲಿ ಚುರುಕಾಗಿದ್ದರೂ ಮೇಲಿನ ಕಚೇರಿಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುವಾಗ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಡವುವುದನ್ನು ನೋಡುತ್ತಿದ್ದೇನೆ. ಅಡಿಕೆಗೆ ಮದ್ದು ಬಿಡುವ ಖರ್ಚಿಗಾಗಿ ಸದಸ್ಯರೊಬ್ಬರು ಸಾಲ ತೆಗೆಯುವ ಸಂಭವವಿದೆ ಎಂದು ತಿಳಿಸಬೇಕಾದಲ್ಲಿ ‘ದ ಮೆಂಬರ್ ಮೇ ಬಾರೋ’ ಎಂದು ಬರೆದುಬಿಡುತ್ತಾರೆ. ಓದುವ ಅಧಿಕಾರಿಗೆ ಅದು ಸಾಲ ತೆಗೆಯಲು ಅನುಮತಿ ಕೊಟ್ಟಂತೆಯೂ ಕಾಣಬಹುದು.

ಮೊದಲು ಹಣ ಯಾರಿಂದ ಯಾರಿಗೆ ಹೋಗುತ್ತದೆಂದು ನಿಶ್ಚಯಿಸಿಕೊಳ್ಳಿ. ಪಡೆಯುವವರಿಗೆ ‘ಬಾರೋ’, ಕೊಡುವವರಿಗೆ ‘ಲೆಂಡ್’. ಇಲ್ಲಿಗೆ ಈ ಹಂತ ಮುಗಿಯಿತು.

ಎರಡನೆಯದಾಗಿ, ಮನಸ್ಸಿನಲ್ಲಿರುವ ‘ಬಹುದು’ ಯಾವ ಬಗೆಯದೆಂದು ಪರೀಕ್ಷಿಸಿರಿ. ‘ಸದಸ್ಯರು ಒಮ್ಮೆಗೆ ಎರಡು ಪುಸ್ತಕಗಳನ್ನು ಒಯ್ಯಬಹುದು’ ಎಂಬ ಗ್ರಂಥಾಲಯದ ಫಲಕದಲ್ಲಿರುವುದು ಅನುಮತಿ. ಅಲ್ಲಿ ‘ಮೇ ಬಾರೋ’ ಸರಿಯಾದ ಪ್ರಯೋಗ. ‘ಈ ಸಲ ಕೊಳೆರೋಗ ಜಾಸ್ತಿಯಾದರೆ ಅವರು ಸಾಲ ತೆಗೆಯಬಹುದು’ ಎಂಬಲ್ಲಿರುವುದು ಊಹೆ. ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಿಗುವ, ತಿಂಗಳೊಳಗೆ ಇಂಗ್ಲಿಷ್ ಕಲಿಸುತ್ತೇವೆನ್ನುವ ಅಗ್ಗದ ಪುಸ್ತಕಗಳು ‘ಮೇ’ ಎಂದರೆ ‘ಬಹುದು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದರಿಂದ ಈ ವಿಷಯದಲ್ಲಿ ಅವನ್ನು ನಂಬಬೇಡಿ. ‘ಮೇ’ ಊಹೆಗೂ ಸಲ್ಲುತ್ತದೆ ಎಂಬುದು ನಿಜವೇ. ಆದರೆ ಸಾಲದ ಕಾಗದಪತ್ರಗಳಲ್ಲಿ ಎರಡರ್ಥಕ್ಕೆ ಎಡೆ ಕೊಡಲೇಬಾರದು.

ಊಹೆಯೆಂದು ಖಚಿತವಾದ ಮೇಲೆ ‘ಈಸ್ ಲೈಕ್ಲಿ ಟು ಬಾರೋ’ ಎಂದು ಬರೆಯಿರಿ. ಹೆಚ್ಚಿನವರ ವಾಕ್ಯ ಕೆಡುವುದು ಇಲ್ಲಿಯೇ. ‘ಲೈಕ್ಲಿ’ ಇಲ್ಲಿ ಕ್ರಿಯಾಪದವಲ್ಲ, ವಿಶೇಷಣ. ಆದುದರಿಂದ ‘ಹಿ ಲೈಕ್ಲಿ ಟು ಬಾರೋ’ ಎಂದರೆ ವಾಕ್ಯ ನಿಲ್ಲುವುದಿಲ್ಲ, ನಡುವೆ ‘ಈಸ್’ ಬೇಕೇ ಬೇಕು, ಹಲವರ ವಿಷಯವಾದರೆ ‘ಆರ್’. ಮುಂದೆ ನಡೆಯುವ ಸಂಗತಿಯೆಂಬ ಕಾರಣಕ್ಕೆ ‘ವಿಲ್ ಲೈಕ್ಲಿ ಟು ಬಾರೋ’ ಎಂದು ಬರೆಯುವುದೂ ತಪ್ಪು, ಏಕೆಂದರೆ ‘ಲೈಕ್ಲಿ ಟು’ ಎಂಬುದರಲ್ಲಿಯೇ ಮುಂದಿನ ಸೂಚನೆ ಅಡಗಿದೆ. ‘ಟು’ ಆದ ಮೇಲೆ ‘ಬಾರೋ’ ಎಂಬ ಮೂಲರೂಪವೇ ಬರಬೇಕು, ‘ಬಾರೋಯಿಂಗ್’ ಅಲ್ಲ.

ಈಗಾಗಲೇ ನಡೆದುಹೋಗಿರಬಹುದಾದ ಸಾಲದ ಬಗ್ಗೆ ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. ಸದಸ್ಯರೊಬ್ಬರು ಅಡಿಕೆ ಮಾರುವ ಮೊದಲೇ ಹಳೆಯ ಬಾಕಿಯನ್ನೆಲ್ಲ ಒಂದೇ ಸಲ ಕಟ್ಟಿದರೆಂದಿರಲಿ. ಬೇರೆ ಕಡೆ ಸಾಲ ಮಾಡಿರಬೇಕೆಂದು ನಿಮಗೆ ತೋರುತ್ತದೆ. ಆಗ ‘ಈಸ್ ಲೈಕ್ಲಿ ಟು ಹ್ಯಾವ್ ಬಾರೋಡ್’ ಎಂಬುದೇ ಸರಿ. ‘ವಾಸ್ ಲೈಕ್ಲಿ ಟು ಬಾರೋ’ ಎಂದು ಬರೆದರೆ ಅವರು ಸಾಲ ತೆಗೆಯುವ ನಿರೀಕ್ಷೆ ಆ ಹೊತ್ತಿಗೆ ಇತ್ತು ಎಂದಷ್ಟೇ ಆಗುತ್ತದೆ. ತೆಗೆದರೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಮೊಬೈಲಿನ ಅನುವಾದವನ್ನು ಹಾಗೆಯೇ ಎತ್ತಿ ಟಿಪ್ಪಣಿಗೆ ಅಂಟಿಸುವ ಅಭ್ಯಾಸವಿರುವವರು ಈ ‘ಹ್ಯಾವ್’ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಸಂಭವ ಬಲವಾಗಿದ್ದರೆ ‘ವೆರಿ ಲೈಕ್ಲಿ’, ಕಡಿಮೆಯಿದ್ದರೆ ‘ಅನ್‌ಲೈಕ್ಲಿ’. ‘ನಾಟ್ ಲೈಕ್ಲಿ’ ತಪ್ಪಲ್ಲದಿದ್ದರೂ ಕೈಬರಹದ ಟಿಪ್ಪಣಿಯಲ್ಲಿ ‘ನಾಟ್’ ಕಣ್ತಪ್ಪಿಹೋದರೆ ಅರ್ಥವೇ ತಲೆಕೆಳಗಾಗುವುದರಿಂದ ‘ಅನ್‌ಲೈಕ್ಲಿ’ಯನ್ನೇ ಬಳಸಿರಿ. ಊಹೆಗೆ ಆಧಾರವೇನೆಂಬುದನ್ನೂ ಅದೇ ವಾಕ್ಯದಲ್ಲಿ ‘ಬಿಕಾಸ್’ ಸೇರಿಸಿ ಹೇಳಿಬಿಡಿ. ಕಾರಣವಿಲ್ಲದ ಊಹೆಯನ್ನು ಸಾಲದ ಕಡತದಲ್ಲಿ ಬರೆಯುವುದು ಆ ಸದಸ್ಯರಿಗೆ ಮಾಡುವ ಅನ್ಯಾಯ.

ಕೊನೆಗೆ, ಸಾಲ ಕೊಡುವವರ ಹೆಸರಿಗಿಂತ ಮೊದಲು ‘ಫ್ರಮ್’ ಹಾಕಿರಿ: ‘ದ ಮೆಂಬರ್ ಈಸ್ ಲೈಕ್ಲಿ ಟು ಬಾರೋ ಫ್ರಮ್ ದ ಸೊಸೈಟಿ ಬಿಫೋರ್ ದ ಮಾನ್ಸೂನ್.’