ಕುಕ್ಕರ್, ರೊಟ್ಟಿ, ನಿದ್ದೆ: ಹಾಯಿದೋಣಿಯಲ್ಲಿ ಸಮುದ್ರ ದಾಟಿದ ನನ್ನ ಅನುಭವ

ಹಾಯಿದೋಣಿಯಲ್ಲಿ ಗೋವಾದಿಂದ ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ಗೆ ಹೋಗಿ ಬಂದೆ ಅಂದರೆ ವಾಸ್ಕೋದಲ್ಲಿ ನಮ್ಮವರು ಮೊದಲು ಕೇಳುವುದು ಬಿರುಗಾಳಿಯ ಬಗ್ಗೆ. ನಾನು ಹೇಳುವುದು ಊಟ, ನಿದ್ದೆಯ ಬಗ್ಗೆ. ದಣಿದವನೇ ದೋಣಿಯಲ್ಲಿ ಬೀಳುವುದು. ಹೊಟ್ಟೆ ತುಂಬಿ, ಕಣ್ತುಂಬ ನಿದ್ದೆ ಆಗಿದ್ದರೆ ಕಾಲು ತಾನಾಗಿಯೇ ನಿಲ್ಲುತ್ತದೆ.

ನಾವು ನಾಲ್ಕು ಜನ. ದೋಣಿ ನಲವತ್ತು ಅಡಿಗೆ ಸ್ವಲ್ಪ ಕಮ್ಮಿ. ಜನವರಿಯಲ್ಲಿ ಮಾಂಡವಿ ನದಿಯ ಅಳಿವೆ ದಾಟಿ, ಅಗ್ವಾಡ ಕೋಟೆಯನ್ನು ಬಲಕ್ಕೆ ಬಿಟ್ಟು ನೈಋತ್ಯಕ್ಕೆ ಹೊರಟೆವು. ಸೇಶೆಲ್ಸಿನ ಮಾಹೆ ದ್ವೀಪಕ್ಕೆ ಸುಮಾರು 1,600 ನಾಟಿಕಲ್ ಮೈಲಿ, ಅಂದರೆ 3,000 ಕಿಲೋಮೀಟರ್. ಗಾಳಿ ಚೆನ್ನಾಗಿದ್ದರೆ ಇಂಥ ದೋಣಿ ದಿನಕ್ಕೆ 120 ಮೈಲಿ ಸಾಗುತ್ತದೆ. ಆ ಕಾಲದಲ್ಲಿ ಗಾಳಿ ಈಶಾನ್ಯದಿಂದ, ಅಂದರೆ ನಮ್ಮ ಬೆನ್ನಿಗೆ. ಹಾಗಾದರೆ ಆರಾಮ ಅಲ್ವಾ ಅನ್ನಿಸಬಹುದು. ಆದರೆ ಗಾಳಿ ನೇರ ಹಿಂದಿನಿಂದ ಬಂದಾಗ ದೋಣಿ ತೊಟ್ಟಿಲಿನ ಹಾಗೆ ಎರಡೂ ಕಡೆ ಹೊರಳುತ್ತಲೇ ಇರುತ್ತದೆ. ಒಂದೇ ಕಡೆ ವಾಲಿದ ದೋಣಿಗೆ ಮೈ ಬೇಗ ಒಗ್ಗುತ್ತದೆ, ಈ ಹೊರಳಾಟಕ್ಕೆ ಒಗ್ಗುವುದು ಕಷ್ಟ. ಅದಕ್ಕೆ ದೋಣಿಯ ಮೂತಿಯನ್ನು ಇಪ್ಪತ್ತು ಮೂವತ್ತು ಡಿಗ್ರಿ ತಿರುಗಿಸಿ, ಗಾಳಿ ಹಿಂಭಾಗದ ಒಂದು ಮೂಲೆಯಿಂದ ಬರುವಂತೆ ನೋಡಿಕೊಂಡೆವು. ದಾರಿ ಉದ್ದವಾಯಿತು ನಿಜ, ಆದರೆ ಎಲ್ಲರಿಗೂ ನಿದ್ದೆ ಬಂತು. ನನ್ನ ಪ್ರಕಾರ ಅದು ಲಾಭದ ವ್ಯಾಪಾರ.

ಮೊದಲ ಎರಡು ಮೂರು ದಿನ ಹೊಟ್ಟೆಯದೇ ಕಾಟ. ಒಳಕಿವಿ ‘ಅಲುಗಾಡುತ್ತಿದೆ’ ಅನ್ನುತ್ತದೆ, ಕ್ಯಾಬಿನ್ನಿನ ಗೋಡೆ ನೋಡುವ ಕಣ್ಣು ‘ಇಲ್ಲ’ ಅನ್ನುತ್ತದೆ. ಈ ಜಗಳಕ್ಕೇ ವಾಂತಿ. ನಮ್ಮ ಜೊತೆಗಿದ್ದ ಕಾರವಾರದ ಹುಡುಗ ‘ಅಣ್ಣಾ, ಹೊಟ್ಟೆ ತೊಳಸ್ತಿದೆ, ಕೆಳಗೆ ಹೋಗಿ ಮಲಗ್ತೀನಿ’ ಅಂದ. ‘ಈಗ ಬೇಡಪ್ಪ, ಬಾ, ಚುಕ್ಕಾಣಿ ಹಿಡಿ, ದೂರದ ನೀರಿನ ಗೆರೆ ನೋಡ್ತಾ ಇರು’ ಅಂದೆ. ಅರ್ಧ ತಾಸಿನಲ್ಲಿ ಅವನ ಮುಖಕ್ಕೆ ಬಣ್ಣ ಬಂತು. ಮಾತ್ರೆ ತಗೊಳ್ಳುವವರು ಹೊರಡುವ ಮೊದಲೇ ತಗೊಳ್ಳಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ.

ಅಡುಗೆಯ ಜಾಗಕ್ಕೆ ಬರುತ್ತೇನೆ, ಇದು ನನ್ನ ಇಷ್ಟದ ವಿಷಯ. ದೋಣಿಯ ಒಲೆ ಎರಡು ತಿರುಗಣಿಗಳ ಮೇಲೆ ತೂಗುತ್ತದೆ. ದೋಣಿ ವಾಲಿದರೂ ಒಲೆ ಮಟ್ಟವಾಗಿಯೇ ಇರುತ್ತದೆ. ನೋಡುವವರಿಗೆ ಒಲೆಯೇ ಕುಣಿದಂತೆ ಕಾಣುತ್ತದೆ, ಕುಣಿಯುವುದು ನಾವು. ಸೊಂಟಕ್ಕೊಂದು ಪಟ್ಟಿ ಬಿಗಿದು, ಅದನ್ನು ಕೊಂಡಿಗೆ ಸಿಕ್ಕಿಸಿ, ಮೊಣಕಾಲು ಸ್ವಲ್ಪ ಬಗ್ಗಿಸಿ ನಿಲ್ಲುತ್ತಿದ್ದೆ. ಸೆಕೆ ಎಷ್ಟಿದ್ದರೂ ದಪ್ಪ ರೆಕ್ಸಿನ್ ಏಪ್ರನ್ ಬೇಕೇ ಬೇಕು. ದಡ ಇಷ್ಟು ದೂರ ಇರುವಾಗ ಬಿಸಿ ಸಾರು ತೊಡೆಗೆ ಬಿದ್ದರೆ ಅದು ಸಣ್ಣ ಗಾಯವಲ್ಲ. ನನ್ನ ನಂಬಿಕೆಯ ಪಾತ್ರೆ ಪ್ರೆಶರ್ ಕುಕ್ಕರ್. ಮುಚ್ಚಳ ಬಿಗಿದಿರುತ್ತದೆ, ಉರುಳಿದರೂ ಚೆಲ್ಲದು. ಅರ್ಧಕ್ಕಿಂತ ಜಾಸ್ತಿ ತುಂಬಿಸುತ್ತಿರಲಿಲ್ಲ. ಊಟ ತಟ್ಟೆಯಲ್ಲಲ್ಲ, ಆಳವಾದ ಬಟ್ಟಲಲ್ಲಿ, ಕೂತೇ. ಬಟ್ಟಲು ಹಿಡಿದು ಯಾರೂ ಮೆಟ್ಟಿಲು ಹತ್ತುವಂತಿಲ್ಲ, ಕೆಳಗಿನವರು ಮೇಲಿನವರ ಕೈಗೆ ದಾಟಿಸಬೇಕು.

ಒಲೆ ಹಚ್ಚಲಾಗದ ದಿನಕ್ಕೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ನಮ್ಮ ಓಣಿಯಲ್ಲಿ ರೊಟ್ಟಿ ಬಡಿಯುವ ವಿಜಯಪುರದ ಅಕ್ಕ ಎರಡು ಡಬ್ಬಿ ತುಂಬಿಸಿ ಕೊಟ್ಟಿದ್ದರು. ಮುಚ್ಚಳ ಬಿಗಿಯಾಗಿರಬೇಕು ಅಷ್ಟೇ. ಸಮುದ್ರದ ಗಾಳಿ ತಾಗಿದರೆ ರೊಟ್ಟಿ ಮೆತ್ತಗಾಗುತ್ತದೆ.

ಒಬ್ಬೊಬ್ಬರಿಗೆ 3 ತಾಸು ಕಾವಲು, ಆಮೇಲೆ 9 ತಾಸು ಬಿಡುವು. ನಾಲ್ಕು ಜನ ಇದ್ದ ಸುಖ ಅದು. ನೌಕಾಪಡೆಯ ಹಾಯಿದೋಣಿ ‘ತಾರಿಣಿ’ಯಲ್ಲಿ 2024ರ ಅಕ್ಟೋಬರ್ 2ರಂದು ಇದೇ ಗೋವಾದಿಂದ ಹೊರಟು, ಭೂಮಿ ಸುತ್ತಿ 2025ರ ಮೇ 29ಕ್ಕೆ ಮರಳಿದ ನೌಕಾಪಡೆ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಇಬ್ಬರೇ ಇದ್ದವರು. ಅವರು ನಿದ್ದೆಯನ್ನು ಹೇಗೆ ಹೊಂದಿಸಿಕೊಂಡಿರಬೇಕು ಎಂದು ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಮಲಗುವಾಗ ದೋಣಿ ವಾಲಿದ ಕಡೆಯ ಬಂಕೇ ಒಳ್ಳೆಯದು. ಬಂಕಿನ ಅಂಚಿಗೆ ಗಟ್ಟಿ ಬಟ್ಟೆಯ ಅಡ್ಡ ಕಟ್ಟಿ, ಬೆನ್ನಿಗೊಂದು ದಿಂಬು ಒತ್ತಿಕೊಂಡರೆ ಮೈ ಹೊರಳುವುದಿಲ್ಲ.

ಓಡಾಡುವಾಗ ಒಂದು ಕೈ ಕೆಲಸಕ್ಕೆ, ಇನ್ನೊಂದು ಕೈ ದೋಣಿಯನ್ನು ಹಿಡಿಯಲಿಕ್ಕೆ. ಕತ್ತಲಾದ ಮೇಲೆ ಕ್ಯಾಬಿನ್ನಿನಿಂದ ತಲೆ ಹೊರಹಾಕುವ ಮೊದಲೇ ಹಾರ್ನೆಸ್ಸಿನ, ಅಂದರೆ ಮೈಗೆ ಕಟ್ಟಿದ ಸುರಕ್ಷತಾ ಪಟ್ಟಿಯ, ಕೊಂಡಿಯನ್ನು ದೋಣಿಗೆ ಸಿಕ್ಕಿಸಬೇಕು. ಗಂಡಸರೂ ಶೌಚಾಲಯದಲ್ಲಿ ಕೂತೇ ಮೂತ್ರ ಮಾಡಬೇಕು. ಅಂಚಿನಲ್ಲಿ ನಿಂತು ಮಾಡಲು ಹೋಗಿ ನೀರಿಗೆ ಬೀಳುವುದು ನಾವಿಕರ ಹಳೆಯ ಅಪಾಯ.

ಭೂಮಧ್ಯರೇಖೆಯ ಹತ್ತಿರ ಗಾಳಿ ಸತ್ತಿತು. ಹಾಯಿಯ ಒತ್ತಡ ಇಲ್ಲದೆ, ಉಳಿದ ತೆರೆಗಳಿಗೇ ದೋಣಿ ಇನ್ನೂ ಜೋರಾಗಿ ಹೊರಳಿತು. ಆಚೆ ದಾಟಿದ ಮೇಲೆ ವಾಯವ್ಯದ ಗಾಳಿ ಬಲಕ್ಕೆ ಸಿಕ್ಕಿತು, ದೋಣಿ ಎಡಕ್ಕೆ ವಾಲಿ ನಿಂತಿತು. ಹಾಸಿಗೆ, ಡಬ್ಬಿ, ನೀರಿನ ಕ್ಯಾನು ಎಲ್ಲವನ್ನೂ ಹೊಸದಾಗಿ ಜೋಡಿಸಿದೆವು.

ನಿಮಗೂ ಹೋಗುವ ಮನಸ್ಸಿದ್ದರೆ ಮೊದಲು ಪಣಜಿಯಿಂದ ಕಾರವಾರಕ್ಕೆ ಒಂದು ರಾತ್ರಿ ಹೋಗಿ ಬನ್ನಿ. ಮಳೆಗಾಲ ಬಿಟ್ಟು, ಅನುಭವ ಇದ್ದವರ ಜೊತೆ. ಸುಮ್ನೆ ಕೂತು ಹೋಗಬೇಡಿ. ಸರದಿಯಲ್ಲಿ ಕಾವಲು ಮಾಡಿ, ಮಲಗಿ, ಕತ್ತಲಲ್ಲೇ ಒಮ್ಮೆ ಅನ್ನ ಮಾಡಿ ಎಲ್ಲರಿಗೂ ಬಡಿಸಿ ನೋಡಿ.